ಕ್ರೆಶಿಮಿರ್ ಚೋಸಿಚ್

ಕ್ರೆಶಿಮಿರ್ ಚೋಸಿಚ್ (26 ನವೆಂಬರ್ 1948 – 25 ಮೇ 1995) ಯುಗೊಸ್ಲಾವಿಯ ರಾಷ್ಟ್ರೀಯ ತಂಡಕ್ಕೆ ಆಡಿದ ಕ್ರೊಯೇಷಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಹಾಗೂ ತರಬೇತುದಾರ. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಸ್ವತಂತ್ರ ಕ್ರೊಯೇಷಿಯಾದ ರಾಜತಾಂತ್ರಿಕ ಅಧಿಕಾರಿಯಾಗಿದ್ದರು. 2.11 ಮೀಟರ್ (ಸುಮಾರು 6 ಅಡಿ 11 ಅಂಗುಲ) ಎತ್ತರದ ಚೋಸಿಚ್, ಅಷ್ಟು ಎತ್ತರದವರು ಬುಟ್ಟಿಯ ಕೆಳಗೆ ನಿಲ್ಲುವುದೇ ರೂಢಿಯಾಗಿದ್ದ ಕಾಲದಲ್ಲಿ ಅಂಕಣದ ಉದ್ದಕ್ಕೂ ಚೆಂಡನ್ನು ಡ್ರಿಬಲ್ ಮಾಡಿಕೊಂಡು ಹೋಗಿ ಸಹ ಆಟಗಾರರಿಗೆ ಪಾಸ್ ನೀಡುತ್ತಿದ್ದರು. ಆಟಗಾರರಾಗಿ ಅವರು ಒಂದು ಒಲಿಂಪಿಕ್ ಚಿನ್ನ, ಎರಡು ವಿಶ್ವ ಚಾಂಪಿಯನ್ ಪಟ್ಟ ಮತ್ತು ಮೂರು ಯುರೋಪಿಯನ್ ಚಾಂಪಿಯನ್ ಪಟ್ಟಗಳನ್ನು ಗೆದ್ದ ತಂಡಗಳಲ್ಲಿದ್ದರು. 1980ರ ದಶಕದಲ್ಲಿ ರಾಷ್ಟ್ರೀಯ ತಂಡದ ತರಬೇತುದಾರರಾಗಿ, ಕಿರಿಯರ ತಂಡದ ಎತ್ತರದ ಹುಡುಗರನ್ನು ಹಿರಿಯರ ತಂಡಕ್ಕೆ ಬೇಗನೆ ಕರೆತಂದವರೂ ಅವರೇ.

ಜನನ ಮತ್ತು ಬಾಲ್ಯ

ಚೋಸಿಚ್ ಅವರು ಆಗ ಯುಗೊಸ್ಲಾವಿಯಕ್ಕೆ ಸೇರಿದ್ದ ಜಾಗ್ರೆಬ್ ನಗರದಲ್ಲಿ ಜನಿಸಿದರು. ಬೆಳೆದದ್ದು ಆಡ್ರಿಯಾಟಿಕ್ ಕಡಲತೀರದ ಜಾದರ್ ಪಟ್ಟಣದಲ್ಲಿ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಜಾದರ್ ಬಹುಪಾಲು ನೆಲಸಮವಾಗಿತ್ತು. ಯುದ್ಧ ಮುಗಿದ 1945ರಲ್ಲಿಯೇ ಅಲ್ಲಿ ಬ್ಯಾಸ್ಕೆಟ್‌ಬಾಲ್ ಕ್ಲಬ್ ಸ್ಥಾಪನೆಯಾಯಿತು. ಊರು ಮತ್ತೆ ಕಟ್ಟಿಕೊಳ್ಳುತ್ತಿದ್ದ ವರ್ಷಗಳಲ್ಲಿ ಈ ಆಟವೂ ಅದರೊಡನೆ ಬೇರುಬಿಟ್ಟಿತು. ಬೆಲ್‌ಗ್ರೇಡ್, ಜಾಗ್ರೆಬ್, ಲ್ಯುಬ್ಲಿಯಾನಗಳ ಮುಂದೆ ಜಾದರ್ ತೀರ ಚಿಕ್ಕ ಊರು. ಆದರೂ ದೇಶದ ಬಲಿಷ್ಠ ತಂಡಗಳಲ್ಲೊಂದು ಅಲ್ಲಿ ಬೆಳೆಯಿತು.

ಬಾಲಕ ಕ್ರೆಶಿಮಿರ್ ಬಹಳ ಎತ್ತರವಾಗಿದ್ದ, ಜೊತೆಗೆ ಬಹಳ ತೆಳ್ಳಗಿದ್ದ. ಈ ಎರಡನೆಯ ಸಂಗತಿ ಮೊದಲನೆಯದರಷ್ಟೇ ಮುಖ್ಯ. ಮೈಬಲದಿಂದ ಎದುರಾಳಿಗಳನ್ನು ತಳ್ಳಿ ಬುಟ್ಟಿಯ ಕೆಳಗೆ ಜಾಗ ಹಿಡಿಯುವುದು ಅಂಥ ದೇಹಕ್ಕೆ ಸುಲಭವಾಗಿರಲಿಲ್ಲ.

ಎತ್ತರದ ಆಟಗಾರರು: ಆಗಿನ ರೂಢಿ

ಬ್ಯಾಸ್ಕೆಟ್‌ಬಾಲ್‌ನ ಬುಟ್ಟಿ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ. ಹೀಗಾಗಿ ಎತ್ತರದವರಿಗೆ ಈ ಆಟದಲ್ಲಿ ಅನುಕೂಲವಿರುವುದು ಸಹಜ. ಆದರೆ ಆ ಅನುಕೂಲವನ್ನು ಬಳಸಿಕೊಳ್ಳುವ ಬಗೆ ಕಾಲದಿಂದ ಕಾಲಕ್ಕೆ ಬದಲಾಗಿದೆ. ಅಮೆರಿಕದ ಜಾರ್ಜ್ ಮೈಕನ್ (2.08 ಮೀಟರ್) 1940ರ ದಶಕದಲ್ಲಿ ಕಾಲೇಜಿಗೆ ಸೇರಿದಾಗ, ತೀರ ಎತ್ತರದವರು ಈ ಆಟಕ್ಕೆ ಬೇಕಾದ ಚುರುಕಿಲ್ಲದವರೆಂಬ ಅಭಿಪ್ರಾಯವೇ ಹರಡಿತ್ತು. ತರಬೇತುದಾರ ರೇ ಮೇಯರ್ ಹಗ್ಗದಾಟ, ನೃತ್ಯ ಮೊದಲಾದವುಗಳ ಮೂಲಕ ಮೈಕನ್‌ರ ಕಾಲುಗಳಿಗೆ ಚಲನೆ ಕಲಿಸಿದರು. ಮುಂದೆ ಮೈಕನ್ ಬುಟ್ಟಿಯ ಬಳಿ ಎಷ್ಟು ಪ್ರಬಲರಾದರೆಂದರೆ, ಅವರನ್ನು ದೂರವಿಡಲು 1951ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಬುಟ್ಟಿಯ ಮುಂದಿನ ನಿರ್ಬಂಧಿತ ಪಟ್ಟಿಯನ್ನೇ ಅಗಲಗೊಳಿಸಿತು. ಅಂತಾರಾಷ್ಟ್ರೀಯ ನಿಯಮಗಳಲ್ಲಿಯೂ 1956ರಲ್ಲಿ ಈ ಪಟ್ಟಿ ಬುಟ್ಟಿಯ ಕಡೆಗೆ ಅಗಲವಾಗುವ ಆಕಾರ ಪಡೆಯಿತು.

ಯುರೋಪಿನಲ್ಲಿ ಈ ಮಾದರಿಯ ಹೆಸರಾಂತ ಆಟಗಾರ ಸೋವಿಯತ್ ಒಕ್ಕೂಟದ ಪರ ಆಡಿದ ಲಾಟ್ವಿಯದ ಯಾನಿಸ್ ಕ್ರೂಮಿನ್ಶ್. 2.18 ಮೀಟರ್ ಎತ್ತರದ ಅವರು ಇಪ್ಪತ್ತು ದಾಟಿದ ಮೇಲೆ ಆಟಕ್ಕೆ ಬಂದು, 1956, 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ ಬೆಳ್ಳಿ ಪದಕ ಗೆದ್ದ ತಂಡಗಳಲ್ಲಿದ್ದರು. ಇಂಥ ಆಟಗಾರನ ಕೆಲಸ ಸ್ಪಷ್ಟವಾಗಿತ್ತು: ಬುಟ್ಟಿಯ ಬಳಿ ನಿಲ್ಲುವುದು, ಮೇಲೆ ಬಂದ ಚೆಂಡನ್ನು ಹಿಡಿಯುವುದು, ಹತ್ತಿರದಿಂದ ಅಂಕ ಗಳಿಸುವುದು. ಚೆಂಡನ್ನು ಮುಂದೆ ಒಯ್ಯುವ ಕೆಲಸ ಕುಳ್ಳಗಿನ ಗಾರ್ಡ್‌ಗಳದು. ಎತ್ತರದ ಬಾಲಕನೊಬ್ಬ ಸಿಕ್ಕರೆ ಅವನನ್ನು ನೇರವಾಗಿ ಬುಟ್ಟಿಯ ಕೆಳಗೆ ನಿಲ್ಲಿಸುವ ಈ ರೂಢಿಯಿಂದ ಕಿರಿಯರ ತಂಡಗಳು ತಕ್ಷಣ ಗೆಲ್ಲುತ್ತಿದ್ದವು. ಆದರೆ ಆ ಬಾಲಕ ಮುಂದೆ ತನ್ನಷ್ಟೇ ಎತ್ತರದವರನ್ನು ಎದುರಿಸಬೇಕಾದಾಗ ಅವನ ಬಳಿ ಬೇರೆ ವಿದ್ಯೆ ಉಳಿದಿರುತ್ತಿರಲಿಲ್ಲ.

ಜಾದರ್ ಕ್ಲಬ್‌ನಲ್ಲಿ

ಚೋಸಿಚ್ ಅವರ ಆಟ ಈ ರೂಢಿಗೆ ಹೊರತಾಗಿ ರೂಪುಗೊಂಡಿತು. ಹದಿಹರೆಯದಲ್ಲಿಯೇ ಜಾದರ್‌ನ ಹಿರಿಯರ ತಂಡ ಸೇರಿದ ಅವರು ಎತ್ತರದಿಂದ ಸೆಂಟರ್, ಆಟದ ರೀತಿಯಿಂದ ಗಾರ್ಡ್. ರಿಬೌಂಡ್ ಹಿಡಿದ ಚೆಂಡನ್ನು ಬೇರೆಯವರ ಕೈಗೆ ಕೊಟ್ಟು ಓಡುವ ಬದಲು ತಾವೇ ಡ್ರಿಬಲ್ ಮಾಡುತ್ತ ಎದುರಾಳಿಯ ಅಂಗಳಕ್ಕೆ ನುಗ್ಗುತ್ತಿದ್ದರು. ಬೆನ್ನ ಹಿಂದಿನಿಂದ ಕೊಡುವ ಪಾಸ್, ದೂರದಿಂದ ಎಸೆಯುವ ಚೆಂಡು, ಹುಕ್ ಶಾಟ್ ಎಲ್ಲವೂ ಅವರಲ್ಲಿದ್ದವು. ದೂರದ ಎಸೆತಕ್ಕೆ ಮೂರು ಅಂಕ ಕೊಡುವ ನಿಯಮ ಅಂತಾರಾಷ್ಟ್ರೀಯ ಆಟದಲ್ಲಿ ಇನ್ನೂ ಬಂದಿರಲಿಲ್ಲ. ಆದ್ದರಿಂದ ಬುಟ್ಟಿಯಿಂದ ದೂರ ಹೋಗಿ ಎಸೆಯುವ ಸೆಂಟರ್ ಆಟಗಾರನಿಗೆ ಹೆಚ್ಚುವರಿ ಅಂಕದ ಲಾಭವೂ ಇರಲಿಲ್ಲ. ಆದರೆ ಅವರನ್ನು ಕಾಯಬೇಕಾದ ಎದುರಾಳಿ ಸೆಂಟರ್ ಬುಟ್ಟಿಯನ್ನು ಬಿಟ್ಟು ಹೊರಗೆ ಬರಲೇಬೇಕಾಗುತ್ತಿತ್ತು. ತೆರವಾದ ಜಾಗಕ್ಕೆ ಸಹ ಆಟಗಾರರು ನುಗ್ಗುತ್ತಿದ್ದರು.

ಈ ಬೆಳವಣಿಗೆಯಲ್ಲಿ ಸಹ ಆಟಗಾರ ಯೋಸಿಪ್ ಜೆರ್ಜಾ ಅವರ ಪಾತ್ರ ದೊಡ್ಡದು. ಪಿನೊ ಎಂದೇ ಪರಿಚಿತರಾಗಿದ್ದ ಜೆರ್ಜಾ, ಚೋಸಿಚ್‌ಗಿಂತ ಹನ್ನೊಂದು ವರ್ಷ ಹಿರಿಯ ಗಾರ್ಡ್. ಇಬ್ಬರ ನಡುವಿನ ಹೊಂದಾಣಿಕೆ ಜಾದರ್ ತಂಡದ ಆಟದ ಅಡಿಪಾಯವಾಯಿತು. ಜಾದರ್ 1965ರಲ್ಲಿ ಮೊದಲ ಬಾರಿಗೆ ಯುಗೊಸ್ಲಾವಿಯ ಚಾಂಪಿಯನ್ ಆಯಿತು. 1967 ಮತ್ತು 1968ರಲ್ಲಿ ಮತ್ತೆ ಆ ಪಟ್ಟ ಒಲಿಯಿತು.

ರಾಷ್ಟ್ರೀಯ ತಂಡಕ್ಕೆ ಪ್ರವೇಶ

1967ರಲ್ಲಿ ಉರುಗ್ವೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದ ಯುಗೊಸ್ಲಾವಿಯ ತಂಡದಲ್ಲಿ ಹದಿನೆಂಟು ವರ್ಷದ ಚೋಸಿಚ್ ಇದ್ದರು. ಆಗಿನ ತರಬೇತುದಾರ ರಾಂಕೊ ಝೆರಾವಿತ್ಸಾ ಹಳಬರ ಜಾಗಕ್ಕೆ ಹುಡುಗರನ್ನು ತರುವ ಕೆಲಸಕ್ಕೆ ಕೈಹಾಕಿದ್ದರು. ಅದೇ ವರ್ಷ ಫಿನ್‌ಲ್ಯಾಂಡ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಯುಗೊಸ್ಲಾವಿಯ ಒಂಬತ್ತನೆಯ ಸ್ಥಾನಕ್ಕೆ ಕುಸಿಯಿತು. ಆದರೂ ಝೆರಾವಿತ್ಸಾ ತಮ್ಮ ದಾರಿ ಬದಲಿಸಲಿಲ್ಲ. ಮರುವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯ 63–62 ಅಂಕಗಳಿಂದ ಸೋವಿಯತ್ ಒಕ್ಕೂಟವನ್ನು ಸೋಲಿಸಿತು. ಫೈನಲ್‌ನಲ್ಲಿ ಅಮೆರಿಕದ ಎದುರು ಸೋತು ಬೆಳ್ಳಿ ಪಡೆಯಿತು. 1970ರಲ್ಲಿ ಲ್ಯುಬ್ಲಿಯಾನದಲ್ಲಿ ಅಮೆರಿಕವನ್ನು 70–63ರಿಂದ ಮಣಿಸಿ ತನ್ನ ಮೊದಲ ವಿಶ್ವ ಚಾಂಪಿಯನ್ ಪಟ್ಟ ಗಳಿಸಿತು. ಚೋಸಿಚ್‌ಗೆ ಆಗ 21 ವರ್ಷ.

ಅಮೆರಿಕದಲ್ಲಿ ವ್ಯಾಸಂಗ

ಫಿನ್‌ಲ್ಯಾಂಡ್‌ನ ಆಟಗಾರ ವೈಕ್ಕೊ ವೈನಿಯೊ ಅವರ ಮೂಲಕ ಚೋಸಿಚ್‌ಗೆ ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಪರಿಚಯವಾಯಿತು. ಅಲ್ಲಿ ಅವರು 1970ರಿಂದ 1973ರವರೆಗೆ ಮೂರು ಋತುಗಳಲ್ಲಿ ಆಡಿದರು. ಸಮಾಜವಾದಿ ದೇಶವೊಂದರಿಂದ ಬಂದ ಆಟಗಾರ ಅಮೆರಿಕದ ಕಾಲೇಜು ತಂಡದಲ್ಲಿ ಆಡುವುದು ಆಗ ಅಪರೂಪ. ಆದರೆ ಪ್ರೇಕ್ಷಕರನ್ನು ಸೆಳೆದದ್ದು ಅವರ ಆಟ. ಅಷ್ಟು ಎತ್ತರದವನೊಬ್ಬ ಗಾರ್ಡ್‌ನಂತೆ ಚೆಂಡನ್ನು ನಡೆಸುವುದನ್ನು ಅಮೆರಿಕದವರೂ ಹೆಚ್ಚು ಕಂಡಿರಲಿಲ್ಲ. 1971ರಲ್ಲಿ ವಿಶ್ವವಿದ್ಯಾಲಯವು ಇಪ್ಪತ್ತು ಸಾವಿರಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣವನ್ನು ತೆರೆಯಿತು. 1971–72ರ ಋತುವಿನಲ್ಲಿ ಚೋಸಿಚ್ ಪಂದ್ಯಕ್ಕೆ ಸರಾಸರಿ 22.3 ಅಂಕ ಗಳಿಸಿದರು. 1972 ಮತ್ತು 1973ರಲ್ಲಿ ಅವರಿಗೆ ಆಲ್-ಅಮೆರಿಕನ್ ಗೌರವ ದೊರೆಯಿತು. ಹೊರದೇಶದ ಆಟಗಾರನೊಬ್ಬನಿಗೆ ಇದು ಸಂದದ್ದು ಅದೇ ಮೊದಲು.

ಯೂಟಾದಲ್ಲಿದ್ದಾಗ 1971ರಲ್ಲಿ ಅವರು ಮಾರ್ಮನ್ ಪಂಥವನ್ನು ಸ್ವೀಕರಿಸಿದರು. ವಿದ್ವಾಂಸ ಹ್ಯೂ ನಿಬ್ಲಿ ಅವರಿಂದ ದೀಕ್ಷಾಸ್ನಾನ ಪಡೆದರು. ಮುಂದೆ ಯುಗೊಸ್ಲಾವಿಯದಲ್ಲಿ ಆ ಪಂಥದ ಕೆಲಸಕ್ಕೆ ನೆರವಾದರು ಮತ್ತು ಅದರ ಧರ್ಮಗ್ರಂಥವನ್ನು ತಮ್ಮ ಭಾಷೆಗೆ ತರುವಲ್ಲಿ ಪಾಲ್ಗೊಂಡರು.

1972ರಲ್ಲಿ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್, 1973ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡಗಳು ಅವರನ್ನು ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆ ಮಾಡಿದವು. ಚೋಸಿಚ್ ಒಪ್ಪಲಿಲ್ಲ. ಆಗಿನ ನಿಯಮದ ಪ್ರಕಾರ ಎನ್‌ಬಿಎಯಲ್ಲಿ ಆಡಿದವರು ವೃತ್ತಿಪರರೆನಿಸಿ, ಒಲಿಂಪಿಕ್ಸ್ ಹಾಗೂ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸುವ ಅವಕಾಶ ಕಳೆದುಕೊಳ್ಳುತ್ತಿದ್ದರು. ಈ ನಿರ್ಬಂಧ ತೆರವಾದದ್ದು 1989ರಲ್ಲಿ. ಹತ್ತೊಂಬತ್ತು, ಇಪ್ಪತ್ತನೆಯ ವಯಸ್ಸಿಗೇ ಯುರೋಪಿನ ಆಟಗಾರರು ಎನ್‌ಬಿಎಗೆ ಹೋಗುವುದನ್ನು ಕಾಣುತ್ತಿರುವ ಇಂದಿನ ಓದುಗರಿಗೆ ಈ ನಿರಾಕರಣೆ ವಿಚಿತ್ರವೆನಿಸಬಹುದು. 1973ರಲ್ಲಿ ಆ ಆಯ್ಕೆಯ ಬೆಲೆ ರಾಷ್ಟ್ರೀಯ ತಂಡದ ಅಂಗಿಯೇ ಆಗಿತ್ತು.

ಮರಳಿ ಯುರೋಪಿಗೆ

ಜಾದರ್‌ಗೆ ಮರಳಿದ ಚೋಸಿಚ್ ಕ್ಲಬ್‌ಗೆ 1974 ಮತ್ತು 1975ರ ರಾಷ್ಟ್ರೀಯ ಪಟ್ಟಗಳನ್ನು ಗೆದ್ದುಕೊಟ್ಟರು. ಬಳಿಕ ಲ್ಯುಬ್ಲಿಯಾನದ ಒಲಿಂಪಿಯಾ ತಂಡದಲ್ಲಿ ಎರಡು ವರ್ಷ ಆಡಿ, 1978ರಲ್ಲಿ ಇಟಲಿಯ ಬೊಲೊನ್ಯಾ ನಗರದ ವಿರ್ಟುಸ್ ಸೇರಿದರು. ಆ ತಂಡ 1979 ಮತ್ತು 1980ರಲ್ಲಿ ಇಟಲಿಯ ಚಾಂಪಿಯನ್ ಆಯಿತು. ಕೊನೆಯ ಮೂರು ವರ್ಷ ಅವರು ಜಾಗ್ರೆಬ್‌ನ ಚಿಬೋನಾ ಪರ ಆಡಿದರು. 1982ರಲ್ಲಿ ಚಿಬೋನಾ ಯುಗೊಸ್ಲಾವಿಯ ಲೀಗ್ ಗೆದ್ದುದಲ್ಲದೆ, ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಒಂದು ಅಂಕದಿಂದ ಸೋಲಿಸಿತು. 1983ರಲ್ಲಿ ಚೋಸಿಚ್ ಆಟಗಾರರಾಗಿ ನಿವೃತ್ತರಾದರು.

ರಾಷ್ಟ್ರೀಯ ತಂಡದಲ್ಲಿ ಇದೇ ಅವಧಿ ಅವರ ಸುವರ್ಣಕಾಲ. 1973ರಲ್ಲಿ ಬಾರ್ಸಿಲೋನಾ, 1975ರಲ್ಲಿ ಬೆಲ್‌ಗ್ರೇಡ್, 1977ರಲ್ಲಿ ಬೆಲ್ಜಿಯಂನ ಲಿಯೇಜ್ – ಹೀಗೆ ಮೂರು ಬಾರಿ ಸತತವಾಗಿ ಯುಗೊಸ್ಲಾವಿಯ ಯುರೋಪಿಯನ್ ಚಾಂಪಿಯನ್ ಆಯಿತು. 1971 ಮತ್ತು 1975ರ ಕೂಟಗಳಲ್ಲಿ ಚೋಸಿಚ್ ಶ್ರೇಷ್ಠ ಆಟಗಾರರೆನಿಸಿದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂತು. 1978ರಲ್ಲಿ ಅಲೆಕ್ಸಾಂಡರ್ ನಿಕೋಲಿಚ್ ಅವರ ತರಬೇತಿಯಲ್ಲಿ, ಮನಿಲಾದಲ್ಲಿ ಹೆಚ್ಚುವರಿ ಅವಧಿಗೆ ಹೋದ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 82–81ರಿಂದ ಸೋಲಿಸಿ ಎರಡನೆಯ ವಿಶ್ವ ಪಟ್ಟ ಗಳಿಸಲಾಯಿತು. 1980ರ ಮಾಸ್ಕೋ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಇಟಲಿಯ ಎದುರು ಜಯ ಸಾಧಿಸಿ ಯುಗೊಸ್ಲಾವಿಯ ಚಿನ್ನ ಗೆದ್ದಿತು. ಅದು ಚೋಸಿಚ್ ಅವರ ನಾಲ್ಕನೆಯ ಒಲಿಂಪಿಕ್ಸ್.

ರಾಷ್ಟ್ರೀಯ ತಂಡದ ತರಬೇತುದಾರ

1985ರಲ್ಲಿ ಚೋಸಿಚ್ ಯುಗೊಸ್ಲಾವಿಯ ಹಿರಿಯರ ತಂಡದ ಹೊಣೆ ಹೊತ್ತಾಗ ಅವರ ಜೊತೆ ಆಡಿದ್ದ ಪೀಳಿಗೆಯ ಹೆಚ್ಚಿನವರು ನಿವೃತ್ತರಾಗಿದ್ದರು. ಅದೇ ವರ್ಷದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ದ್ರಾಜೆನ್ ಪೆಟ್ರೋವಿಚ್ ಅವರಂಥ ಅಸಾಮಾನ್ಯ ಗಾರ್ಡ್ ಇದ್ದರೂ ಹೊಸ ತಂಡ ಇನ್ನೂ ರೂಪುಗೊಂಡಿರಲಿಲ್ಲ.

ಇದೇ ಹೊತ್ತಿಗೆ ಕೆಳಗಿನ ಹಂತದಲ್ಲಿ ಒಂದು ಅಪೂರ್ವ ಗುಂಪು ಬೆಳೆಯುತ್ತಿತ್ತು. ಈ ಹುಡುಗರು 1985ರಲ್ಲಿ ಬಲ್ಗೇರಿಯದ ರೂಸೆಯಲ್ಲಿ ಯುರೋಪಿನ ಕೆಡೆಟ್ ಪಟ್ಟವನ್ನೂ, 1986ರಲ್ಲಿ ಆಸ್ಟ್ರಿಯಾದ ಗ್ಮುಂಡೆನ್‌ನಲ್ಲಿ ಜೂನಿಯರ್ ಪಟ್ಟವನ್ನೂ ಗೆದ್ದರು. ಕಿರಿಯರ ತಂಡವನ್ನು ಕಟ್ಟಿದ್ದು ಚೋಸಿಚ್ ಅಲ್ಲ. ಈ ಪೀಳಿಗೆಯನ್ನು ವಿಶ್ವಪಟ್ಟಕ್ಕೆ ಕೊಂಡೊಯ್ದ ತರಬೇತುದಾರ ಸ್ವೆಟಿಸ್ಲಾವ್ ಪೆಶಿಚ್. ಆದರೆ ಆ ತಂಡದ ಎತ್ತರದ ಆಟಗಾರರನ್ನು ನೋಡಿದರೆ ಅವರ ಹಿಂದೆ ಚೋಸಿಚ್ ಮಾದರಿ ಕಾಣದಿರದು. 2.16 ಮೀಟರ್ ಎತ್ತರದ ವ್ಲಾಡೆ ದಿವಾಟ್ಸ್ ಪಾಸ್ ನೀಡುವುದರಲ್ಲಿ ಗಾರ್ಡ್‌ಗಳಿಗೆ ಸಮನಾಗಿದ್ದರು. ಸ್ಪ್ಲಿಟ್ ನಗರದ ಟೋನಿ ಕುಕೋಚ್ ಬಾಲ್ಯದಲ್ಲಿ ಟೇಬಲ್ ಟೆನಿಸ್ ಆಡಿಕೊಂಡಿದ್ದವರು. 2.08 ಮೀಟರ್ ಬೆಳೆದ ಮೇಲೂ ಅವರು ಚೆಂಡನ್ನು ನಡೆಸುವ, ದೂರದಿಂದ ಎಸೆಯುವ ಆಟವನ್ನು ಬಿಡಲಿಲ್ಲ, ಬಿಡಿಸಲೂ ಇಲ್ಲ. ಅದೇ ಊರಿನ ದಿನೊ ರಾಜಾ (2.11 ಮೀಟರ್) ಬುಟ್ಟಿಯ ಬಳಿಯ ಆಟದಲ್ಲಿ ಪಳಗಿದವರಾದರೂ ಓಟದಲ್ಲಿ ಚುರುಕಾಗಿದ್ದರು. ಎತ್ತರವನ್ನು ಒಂದು ಸ್ಥಾನಕ್ಕೆ ಕಟ್ಟಿಹಾಕದೆ, ಎಲ್ಲರಿಗೂ ಎಲ್ಲ ಮೂಲಪಾಠಗಳನ್ನು ಕಲಿಸುವ ಪದ್ಧತಿಯ ಫಲ ಇದು.

ಇಂಥ ಹುಡುಗರನ್ನು ಎಷ್ಟು ಬೇಗ ದೊಡ್ಡವರ ಆಟಕ್ಕೆ ಇಳಿಸಬೇಕು ಎಂಬುದು ಚೋಸಿಚ್ ಮುಂದಿದ್ದ ಪ್ರಶ್ನೆ. ಅವರು ಕಾಯಲಿಲ್ಲ. ಕ್ರಾಲ್ಯೆವೊ ಪಟ್ಟಣದ ಸ್ಲೋಗಾ ಎಂಬ ಸಣ್ಣ ಕ್ಲಬ್‌ನಲ್ಲಿ ಆಡುತ್ತಿದ್ದ ಹದಿನೆಂಟರ ದಿವಾಟ್ಸ್‌ರನ್ನು 1986ರ ಸ್ಪೇನ್ ವಿಶ್ವ ಚಾಂಪಿಯನ್‌ಶಿಪ್‌ಗೆ ಕರೆದೊಯ್ದರು.

ಆ ಕೂಟದ ಸೆಮಿಫೈನಲ್ ಮ್ಯಾಡ್ರಿಡ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ನಡೆಯಿತು. ಪಂದ್ಯ ಮುಗಿಯಲು ಒಂದು ನಿಮಿಷಕ್ಕೂ ಕಡಿಮೆ ಸಮಯವಿದ್ದಾಗ ಯುಗೊಸ್ಲಾವಿಯ ಒಂಬತ್ತು ಅಂಕಗಳಿಂದ ಮುಂದಿತ್ತು. ಮೂರು ಅಂಕದ ಎಸೆತದ ನಿಯಮ ಅಂತಾರಾಷ್ಟ್ರೀಯ ಆಟಕ್ಕೆ ಬಂದು ಆಗಷ್ಟೇ ಎರಡು ವರ್ಷ. ಅರ್ವಿದಾಸ್ ಸಬೋನಿಸ್ ಒಂದು ಎಸೆತವನ್ನು ಬುಟ್ಟಿಗೆ ಸೇರಿಸಿದರು. ಬೆನ್ನಲ್ಲೇ ವಲೇರಿ ತಿಖೊನೆಂಕೊ ಇನ್ನೊಂದನ್ನು. ಅಂತರ ಮೂರಕ್ಕೆ ಇಳಿಯಿತು. ಚೆಂಡು ಈಗ ದಿವಾಟ್ಸ್ ಕೈಗೆ ಬಂತು. ಅದನ್ನು ಹಿಡಿದು ನಿಲ್ಲಬಹುದಿತ್ತು, ಇಲ್ಲವೇ ಪಾಸ್ ಮಾಡಬಹುದಿತ್ತು. ಒಮ್ಮೆ ಡ್ರಿಬಲ್ ನಿಲ್ಲಿಸಿದ ಹುಡುಗ ಮತ್ತೆ ಡ್ರಿಬಲ್ ಆರಂಭಿಸಿದರು. ಇದು ನಿಯಮದ ಉಲ್ಲಂಘನೆ; ಚೆಂಡು ಎದುರಾಳಿಗಳ ಪಾಲಾಯಿತು. ವಾಲ್ಡಿಸ್ ವಾಲ್ಟರ್ಸ್ ಮೂರನೆಯ ಎಸೆತವನ್ನೂ ಗುರಿ ಮುಟ್ಟಿಸಿ ಅಂಕ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಯುಗೊಸ್ಲಾವಿಯ 91–90ರಿಂದ ಸೋತಿತು. ಮುಂದೆ ಬ್ರೆಜಿಲನ್ನು ಸೋಲಿಸಿ ಕಂಚಿನ ಪದಕ ಪಡೆದರೂ ಆ ಸೋಲಿನ ನೋವು ದೇಶದಲ್ಲಿ ಬಹುಕಾಲ ಉಳಿಯಿತು.

ಹದಿನೆಂಟು ವರ್ಷದ ಆಟಗಾರನೊಬ್ಬನ ಬೆಳವಣಿಗೆ ಇಂಥ ತಪ್ಪಿನಲ್ಲಿಯೇ ನಿಂತುಹೋಗಬಹುದು. ತರಬೇತುದಾರನಿಗೂ ಅನುಭವಿಗಳ ಕಡೆಗೆ ಮರಳಲು ಅದು ಒಳ್ಳೆಯ ನೆಪ. ಚೋಸಿಚ್ ಆ ದಾರಿ ಹಿಡಿಯಲಿಲ್ಲ. 1987ರ ಜೂನ್‌ನಲ್ಲಿ ಅಥೆನ್ಸ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ಗೆ ದಿವಾಟ್ಸ್‌ರನ್ನು ಮತ್ತೆ ಕರೆದೊಯ್ದರು. ಅಷ್ಟೇ ಅಲ್ಲ, ಕುಕೋಚ್, ರಾಜಾ ಹಾಗೂ ಗಾರ್ಡ್ ಅಲೆಕ್ಸಾಂಡರ್ ಜೋರ್ಜೆವಿಚ್‌ರನ್ನೂ ಸೇರಿಸಿಕೊಂಡರು. ಹನ್ನೆರಡು ಜನರ ತಂಡದಲ್ಲಿ ನಾಲ್ವರು ಇನ್ನೂ ಕಿರಿಯರ ತಂಡದಲ್ಲಿ ಆಡುವ ವಯಸ್ಸಿನವರು. ಸೆಮಿಫೈನಲ್‌ನಲ್ಲಿ ಆತಿಥೇಯ ಗ್ರೀಸ್ ಎದುರು 81–77ರಿಂದ ಸೋತ ಯುಗೊಸ್ಲಾವಿಯ, ಸ್ಪೇನ್ ವಿರುದ್ಧ ಗೆದ್ದು ಮತ್ತೆ ಕಂಚಿಗೆ ತೃಪ್ತಿಪಟ್ಟಿತು.

ಕೆಲವೇ ವಾರಗಳ ನಂತರ ಆ ನಾಲ್ವರೂ ಇಟಲಿಯ ಬೊರ್ಮಿಯೊದಲ್ಲಿ ಪೆಶಿಚ್ ಅವರ ಜೂನಿಯರ್ ತಂಡಕ್ಕೆ ಆಡಿ ವಿಶ್ವ ಪಟ್ಟ ಗೆದ್ದರು. ಅಲ್ಲಿ ಗ್ಯಾರಿ ಪೇಟನ್, ಲ್ಯಾರಿ ಜಾನ್ಸನ್ ಮೊದಲಾದವರಿದ್ದ ಅಮೆರಿಕ ತಂಡವನ್ನು ಎರಡು ಬಾರಿ ಸೋಲಿಸಲಾಯಿತು. ಗುಂಪು ಹಂತದ ಪಂದ್ಯದಲ್ಲಿ ಕುಕೋಚ್ ಹನ್ನೆರಡು ಮೂರಂಕದ ಎಸೆತಗಳಲ್ಲಿ ಹನ್ನೊಂದನ್ನು ಬುಟ್ಟಿಗೆ ಸೇರಿಸಿ 37 ಅಂಕ ಗಳಿಸಿದರು. ಫೈನಲ್‌ನಲ್ಲಿ 86–76ರ ಜಯ ದೊರೆಯಿತು. ಜೂನಿಯರ್ ತಂಡದ ಆ ಧೈರ್ಯಕ್ಕೆ ಅಥೆನ್ಸ್‌ನಲ್ಲಿ ಹಿರಿಯರೊಡನೆ ಆಡಿದ ಅನುಭವವೂ ಒಂದು ಕಾರಣವೆಂದರೆ ತಪ್ಪಾಗದು.

1987ರ ಬಳಿಕ ರಾಷ್ಟ್ರೀಯ ತಂಡದ ಹೊಣೆ ದುಶಾನ್ ಇವ್ಕೊವಿಚ್ ಅವರಿಗೆ ಹೋಯಿತು. ಚೋಸಿಚ್ ಅವರ ಮೂರು ವರ್ಷಗಳ ಗಳಿಕೆ ಒಂದು ಏಳನೆಯ ಸ್ಥಾನ ಮತ್ತು ಎರಡು ಕಂಚು. ಆಟಗಾರರಾಗಿ ಅವರು ಕಂಡ ಯಶಸ್ಸಿನ ಮುಂದೆ ಇದು ಸಾಧಾರಣ. ಆದರೆ ಅವರು ಅಂಕಣಕ್ಕಿಳಿಸಿದ ಹುಡುಗರು ಮುಂದಿನ ನಾಲ್ಕು ವರ್ಷ ಯುರೋಪನ್ನು ಆಳಿದರು: 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, 1989ರಲ್ಲಿ ಜಾಗ್ರೆಬ್‌ನಲ್ಲಿ ಯುರೋಪಿಯನ್ ಪಟ್ಟ, 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಪಟ್ಟ, 1991ರಲ್ಲಿ ರೋಮ್‌ನಲ್ಲಿ ಮತ್ತೆ ಯುರೋಪಿಯನ್ ಪಟ್ಟ. 1989ರಲ್ಲಿ ದಿವಾಟ್ಸ್‌ರನ್ನು ಡ್ರಾಫ್ಟ್‌ನಲ್ಲಿ ಆರಿಸಿಕೊಂಡದ್ದು, ಹದಿನಾರು ವರ್ಷ ಹಿಂದೆ ಚೋಸಿಚ್‌ರನ್ನು ಆರಿಸಿದ್ದ ಅದೇ ಲೇಕರ್ಸ್ ತಂಡ. ಈ ಬಾರಿ ನಿಯಮ ಬದಲಾಗಿತ್ತು. ದಿವಾಟ್ಸ್ ಅಮೆರಿಕಕ್ಕೆ ಹೋದರು, ರಾಷ್ಟ್ರೀಯ ತಂಡಕ್ಕೂ ಆಡಿದರು. ರಾಜಾ ಮತ್ತು ಕುಕೋಚ್ 1993ರಲ್ಲಿ ಎನ್‌ಬಿಎ ಸೇರಿದರು.

ಚೋಸಿಚ್ 1987–88ರಲ್ಲಿ ಬೊಲೊನ್ಯಾದ ವಿರ್ಟುಸ್‌ಗೂ, ತರುವಾಯ ಗ್ರೀಸ್‌ನ ಎಇಕೆ ಅಥೆನ್ಸ್‌ಗೂ ತರಬೇತಿ ನೀಡಿದರು.

ರಾಜತಾಂತ್ರಿಕ ಸೇವೆ ಮತ್ತು ನಿಧನ

1991ರಲ್ಲಿ ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿತು. ಯುಗೊಸ್ಲಾವಿಯ ಒಡೆದು ಯುದ್ಧ ಆರಂಭವಾಯಿತು. ಚೋಸಿಚ್ ಬೆಳೆದ ಜಾದರ್ ಮತ್ತೊಮ್ಮೆ ಫಿರಂಗಿ ದಾಳಿಗೆ ಸಿಕ್ಕಿತು. ಜೊತೆಯಾಗಿ ಬೆಳೆದ ಬೊರ್ಮಿಯೊ ತಂಡದ ಹುಡುಗರು ಬೇರೆ ಬೇರೆ ದೇಶಗಳ ಆಟಗಾರರಾದರು. ಈ ಅವಧಿಯಲ್ಲಿ ಚೋಸಿಚ್ ಆಟದಿಂದ ದೂರ ಸರಿದು, ವಾಷಿಂಗ್ಟನ್‌ನಲ್ಲಿದ್ದ ಕ್ರೊಯೇಷಿಯಾ ರಾಯಭಾರ ಕಚೇರಿಯಲ್ಲಿ ಉಪ ರಾಯಭಾರಿಯಾಗಿ ಸೇವೆ ಸಲ್ಲಿಸಿದರು. ಕಾಲೇಜು ದಿನಗಳ ಅಮೆರಿಕದ ಪರಿಚಯ ಹೊಸ ರಾಷ್ಟ್ರದ ಕೆಲಸಕ್ಕೆ ಒದಗಿತು.

ನಾನ್-ಹಾಡ್ಕಿನ್ ಲಿಂಫೋಮ ಎಂಬ ಕ್ಯಾನ್ಸರ್‌ಗೆ ತುತ್ತಾದ ಅವರು 1995ರ ಮೇ 25ರಂದು ಬಾಲ್ಟಿಮೋರ್‌ನಲ್ಲಿ ನಿಧನರಾದರು. ಆಗ ಅವರಿಗೆ 46 ವರ್ಷ. ಜಾಗ್ರೆಬ್‌ನ ಮಿರೊಗೊಯ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಎರಡು ವರ್ಷ ಮೊದಲು ಅಪಘಾತದಲ್ಲಿ ತೀರಿಕೊಂಡ ದ್ರಾಜೆನ್ ಪೆಟ್ರೋವಿಚ್ ಅವರ ಸಮಾಧಿ ಇರುವುದೂ ಅಲ್ಲಿಯೇ.

ಗೌರವಗಳು

1996ರಲ್ಲಿ, ಅಂದರೆ ನಿಧನದ ಮರುವರ್ಷ, ಚೋಸಿಚ್ ಅವರ ಹೆಸರು ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾಯಿತು. 2007ರಲ್ಲಿ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ಹಾಲ್ ಆಫ್ ಫೇಮ್‌ನಲ್ಲಿಯೂ ಸ್ಥಾನ ದೊರೆಯಿತು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವು ಅವರು ಧರಿಸುತ್ತಿದ್ದ 11ನೆಯ ಸಂಖ್ಯೆಯ ಅಂಗಿಯನ್ನು 2006ರಲ್ಲಿ ನಿವೃತ್ತಗೊಳಿಸಿತು. ಕ್ರೊಯೇಷಿಯಾದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಕಪ್ ಅವರ ಹೆಸರನ್ನು ಹೊತ್ತಿದೆ. ಜಾದರ್‌ನಲ್ಲಿ 2008ರಲ್ಲಿ ತೆರೆದ ಒಳಾಂಗಣ ಕ್ರೀಡಾಂಗಣಕ್ಕೂ ಅವರದೇ ಹೆಸರಿಡಲಾಗಿದ್ದು, ಅವರು ಆಟ ಕಲಿತ ಕ್ಲಬ್ ತನ್ನ ತವರಿನ ಪಂದ್ಯಗಳನ್ನು ಅಲ್ಲಿ ಆಡುತ್ತದೆ.